ಒಂದು ಲೋಟದ ತೂಕ

ಶನಿವಾರ ಸಂಜೆಯಿಂದ ಅವಳ ತಲೆಗೆ ಒಂದು ಹುಳ ಹೊಕ್ಕಿತ್ತು. ಐದು ವರ್ಷದ ಮಗಳು ಕಿತ್ತಳೆ ಪಾನೀಯದ ಬಾಟಲಿಯನ್ನು ಅರ್ಧಕ್ಕೇ ಮೇಜಿನ ಮೇಲಿಟ್ಟು, ನಾಲಿಗೆ ಹೊರಗೆ ಹಾಕಿ, "ಅಮ್ಮ, ಇದು ಕಚ್ಚುತ್ತೆ" ಅಂದಿದ್ದಳು. ಅಷ್ಟೇ. ಅಳಲಿಲ್ಲ, ವಾಂತಿ ಮಾಡಲಿಲ್ಲ, ಮೈ ಬಿಸಿಯಾಗಲಿಲ್ಲ. ಮರುಗಳಿಗೆಯಲ್ಲೇ ಬಾಟಲಿಯ ಮುಚ್ಚಳವನ್ನು ಚಕ್ರ ಮಾಡಿಕೊಂಡು ನೆಲದ ಮೇಲೆ ಗಾಡಿ ಬಿಡುತ್ತಾ ಕೂತಳು. ಆದರೆ ಮಗು ಮರೆತದ್ದನ್ನು ತಾಯಿ ಮರೆಯಬೇಕಲ್ಲ!

ಗಂಡನಿಗೆ ಕುಡಿಸಿದಳು. ಅವನು ಉಳಿದದ್ದನ್ನು ಗಟಗಟ ಮುಗಿಸಿ, "ಕಚ್ಚೋಕೆ ಇದಕ್ಕೇನು ಹಲ್ಲಿದೆಯಾ?" ಎಂದ. ಅತ್ತೆಗೆ ಇನ್ನೊಂದು ಬಾಟಲಿ ತೆರೆದು ಕೊಟ್ಟಳು. ಅವರು ಚಪ್ಪರಿಸಿ ಚಪ್ಪರಿಸಿ ನೋಡಿ, "ಸಿಹಿ ಸ್ವಲ್ಪ ಮುಂದಾಗಿದೆ" ಎಂದರು. ಕೊನೆಗೆ ತಾನೇ ಕುಡಿದಳು. ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಇರುವೆ ಹರಿದಂಥ ಚುರುಚುರು. ನಿಜವಾಗಿ ಇದೆಯೋ, ಇರಬಹುದು ಅಂದುಕೊಂಡದ್ದರಿಂದ ಇದೆಯೋ, ಅವಳಿಗೇ ಗೊತ್ತಾಗಲಿಲ್ಲ. ತನ್ನ ನಾಲಿಗೆಯ ಸಾಕ್ಷಿಯನ್ನು ಅವಳು ಎಂದೂ ನಂಬಿದವಳಲ್ಲ. ತಾನೇ ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಹೆಂಗಸು ನಾಲಿಗೆಯನ್ನು ನಂಬುತ್ತಾಳೆಯೇ?

ಬೇರೆ ಯಾರ ಮನೆಯಲ್ಲಾದರೂ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ಬಾಟಲಿ ಬೇಡ ಅಂದರೆ ಇನ್ನೊಂದು ಬಾಟಲಿ. ಆದರೆ ಈ ಬಾಟಲಿಗೆ ಚೀಟಿ ಅಂಟಿಸಿದ ಕೈ ಅವಳದೇ ಆಗಿತ್ತು.

ಅವಳು ಕೆಲಸ ಮಾಡುತ್ತಿದ್ದ ಹಣ್ಣಿನ ಪಾನೀಯದ ಕಾರ್ಖಾನೆ ರೈಲು ಹಳಿಯ ಪಕ್ಕದಲ್ಲಿತ್ತು. ಕಾರ್ಖಾನೆ ಅನ್ನುವುದು ಹೆಸರಿಗೆ. ತಗಡಿನ ಮಾಡು, ಐನೂರು ಲೀಟರ್ ಹಿಡಿಯುವ ಒಂದು ಸ್ಟೀಲ್ ಟ್ಯಾಂಕು, ಬಾಟಲಿ ತೊಳೆಯುವ ಗಲಾಟೆ ಯಂತ್ರ, ಮುಚ್ಚಳ ಒತ್ತುವ ಯಂತ್ರ, ಹನ್ನೊಂದು ಜನ. ದಿನಕ್ಕೊಂದು ಟ್ಯಾಂಕು, ಒಂದು ಟ್ಯಾಂಕಿಗೆ ನೂರನಾಲ್ಕು ಕ್ರೇಟು. ತುಂಬಿದ ಬಾಟಲಿಗಳನ್ನು ಎಂಟು ದಿನ ಗೋದಾಮಿನಲ್ಲಿ ಕೂಡಿಹಾಕುತ್ತಿದ್ದರು. ಯಾವುದಾದರೂ ಹುಳಿತು ಉಬ್ಬುವುದಿದ್ದರೆ ಅಲ್ಲೇ ಉಬ್ಬಲಿ, ಅಂಗಡಿಯಲ್ಲಿ ಮಾನ ಕಳೆಯುವುದು ಬೇಡ ಎಂದು. ಚೀಟಿ ಸೊಟ್ಟಗೆ ಅಂಟಿದ ಬಾಟಲಿಗಳು ಮಾತ್ರ ಎಂಟು ದಿನ ಕಾಯುತ್ತಿರಲಿಲ್ಲ. ಅವು ಶನಿವಾರ ಕೆಲಸದವರ ಚೀಲ ಸೇರುತ್ತಿದ್ದವು. ಚೀಟಿ ಅಂಟಿಸುವವಳ ಕೈ ಎಷ್ಟು ನಡುಗಿದರೆ ಅಷ್ಟು ಜನರಿಗೆ ಲಾಭ. "ಏ ಅಯ್ಯೋಮ್ಮ, ಈ ವಾರ ನಾಲ್ಕು ಸೊಟ್ಟ ಮಾಡು, ಮನೆಗೆ ನೆಂಟರು ಬರ್ತಿದ್ದಾರೆ" ಎಂದು ಮುಚ್ಚಳದ ಯಂತ್ರದ ಅಕ್ಕ ಕೂಗುತ್ತಿದ್ದಳು.

ಅಯ್ಯೋಮ್ಮ ಅವಳಿಗೆ ಅಲ್ಲಿ ಬಿದ್ದ ಹೆಸರು. ಮೊದಲ ದಿನವೇ, "ಅಯ್ಯೋ, ಈ ನೆಲ ಒದ್ದೆ ಇದೆಯಲ್ಲ", "ಅಯ್ಯೋ, ಆ ವೈರು ನೀರಿನ ಹತ್ತಿರ ಇದೆಯಲ್ಲ", "ಅಯ್ಯೋ, ಗಾಜಿನ ಚೂರು ಒಳಗೆ ಬಿದ್ರೆ?" ಎಂದು ಹನ್ನೆರಡು ಗಂಟೆಯೊಳಗೆ ಏಳು ಅಯ್ಯೋ ಆಗಿತ್ತು. ಮುಚ್ಚಳದಕ್ಕ ಎಣಿಸಿದ್ದಳು. ಪಟ್ಟಣದ ದೊಡ್ಡ ಶಾಲೆಯಲ್ಲಿ ಓದಿ, ವಿಜ್ಞಾನದ ಡಿಗ್ರಿ ಮುಗಿಸಿ, ಮಗು ಹುಟ್ಟಿದ ಮೇಲೆ ಇದ್ದ ಕೆಲಸ ಬಿಟ್ಟು, ಮಗು ಶಾಲೆಗೆ ಹೊರಟ ಮೇಲೆ ಮನೆಯಲ್ಲಿ ಕೂತು ಕೂತು ಚಿಂತೆಗೆ ಚಿಂತೆ ಹೆಣೆಯುತ್ತಿದ್ದವಳನ್ನು, ಪಕ್ಕದ ಬೀದಿಯವನೂ ಇಲ್ಲಿ ಪಾನೀಯ ಬೆರೆಸುವವನೂ ಆದ ಲೋಟದಣ್ಣ ತಂದು ಇಲ್ಲಿ ಕೂರಿಸಿದ್ದ. "ಬಾ ತಂಗಿ. ಹೆದರೋದೇನಿದ್ರೂ ಇಲ್ಲಿ ಬಂದು ಹೆದರು. ಮನೇಲಿ ಹೆದರಿದ್ರೆ ಮಗೂಗೂ ಅಂಟುತ್ತೆ" ಎಂದು.

ಬಂದ ಹೊಸದರಲ್ಲಿ ಅವಳ ದೊಡ್ಡ ಹೆದರಿಕೆ ಆ ಬಿಳಿ ಪುಡಿಯದೇ ಆಗಿತ್ತು. ಸೋಡಿಯಂ ಬೆಂಜೊಯೇಟ್. ಪಾನೀಯ ಕೆಡದಂತೆ ಕಾಯುವ ಪುಡಿ. ಮಗಳಿಗೆ ಅಂಗಡಿಯಿಂದ ಏನು ತಂದರೂ ಪೊಟ್ಟಣ ತಿರುಗಿಸಿ ಸಣ್ಣಕ್ಷರ ಓದುತ್ತಿದ್ದವಳು, ಈಗ ಅದೇ ಸಣ್ಣಕ್ಷರದ ಚೀಟಿಗಳನ್ನು ದಿನಕ್ಕೆ ಎರಡೂವರೆ ಸಾವಿರ ಅಂಟಿಸಬೇಕಾಗಿ ಬಂದಾಗ ಕೈ ಬರಲಿಲ್ಲ. ಲೋಟದಣ್ಣ ಬೈಯಲಿಲ್ಲ. ಎರಡು ಬಾಟಲಿ ತುಂಬಿದ. ಒಂದಕ್ಕೆ ಪುಡಿ ಹಾಕಿದ್ದು, ಒಂದಕ್ಕೆ ಹಾಕದ್ದು. ಎರಡನ್ನೂ ಅವಳು ಕೂರುವ ಕಡೆಯ ಕಿಟಕಿಯಲ್ಲಿ ಇಟ್ಟು, "ನೋಡ್ತಾ ಇರು" ಎಂದ. ಆರನೇ ದಿನ ಹಾಕದ ಬಾಟಲಿಯ ತಳದಲ್ಲಿ ಮೋಡದಂಥದ್ದು ಕಟ್ಟಿತು. ಒಂಬತ್ತನೇ ದಿನ ಮುಚ್ಚಳ ಠಪ್ ಎಂದು ಹಾರಿ, ಅವಳು ಕುರ್ಚಿಯಿಂದ ಹಾರಿ, ಗೋಡೆಯೆಲ್ಲ ಕಿತ್ತಳೆ ಬಣ್ಣವಾಯಿತು.

"ಈಗ ಹೇಳು," ಅಂದ ಲೋಟದಣ್ಣ, ಗೋಡೆ ಒರೆಸುತ್ತಾ. "ಇದನ್ನ ಕುಡಿಸ್ತೀಯಾ ಮಗೂಗೆ, ಅದನ್ನ ಕುಡಿಸ್ತೀಯಾ?"

"ಎರಡೂ ಬೇಡ ಅಣ್ಣ, ನೀರು ಕುಡಿಸ್ತೀನಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನಕ್ಕು ಮುಗಿದ ಮೇಲೆ, "ಉಪ್ಪು ಹಾಕಿ ಕಾಯ್ತಾರೆ, ಸಕ್ಕರೆ ಹಾಕಿ ಕಾಯ್ತಾರೆ, ಇದು ಹಾಕೀನೂ ಕಾಯ್ತಾರೆ. ಹೆದರಬೇಕಾಗಿದ್ದು ಪುಡಿಗಲ್ಲ ತಂಗಿ, ಅಳತೆಗೆ. ಅಳತೆ ನನ್ನ ಕೈಯಲ್ಲಿದೆ" ಎಂದು ತನ್ನ ಲೋಟ ತೋರಿಸಿದ್ದ.

ಆ ಲೋಟದಿಂದಲೇ ಅವನಿಗೆ ಆ ಹೆಸರು. ಒಂದು ಟ್ಯಾಂಕಿಗೆ ಅರವತ್ತು ಗ್ರಾಂ ಪುಡಿ ಹಾಕಬೇಕು. ಎಪ್ಪತ್ತು ದಾಟಿತೋ, ಕಾನೂನು ಎಳೆದ ಗೆರೆ ದಾಟಿದ ಹಾಗೆ. ಹದಿನೆಂಟು ವರ್ಷದ ಹಿಂದೆ, ಇನ್ನೂ ಮೀಸೆ ಕಪ್ಪಗಿದ್ದ ಕಾಲದಲ್ಲಿ, ಲೋಟದಣ್ಣ ಒಂದು ಸ್ಟೀಲ್ ಟೀ ಲೋಟ ತಂದು, ಯಜಮಾನರ ಸಣ್ಣ ತಕ್ಕಡಿಯ ಪಕ್ಕ ಕೂತು, ಪುಡಿ ತುಂಬಿ ತೂಗಿ, ಲೋಟದ ಅಂಚನ್ನು ಅರದಿಂದ ಉಜ್ಜಿ, ಮತ್ತೆ ತುಂಬಿ ತೂಗಿ, ಮತ್ತೆ ಉಜ್ಜಿ, ಎರಡು ದಿನ ಹೀಗೇ ಮಾಡಿ, ಅಂಚು ಸವರಿದರೆ ಸರಿಯಾಗಿ ಅರವತ್ತು ಗ್ರಾಂ ಹಿಡಿಯುವ ಹಾಗೆ ಅದನ್ನು ಗಿಡ್ಡ ಮಾಡಿದ್ದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕು. ಅಂದಿನಿಂದ ತಕ್ಕಡಿ ಅದರ ಡಬ್ಬಿಯೊಳಗೆ ಮಲಗಿತು, ಲೋಟ ಎದ್ದು ಕೂತಿತು. ತಪಾಸಣೆಯವರು ಮೂರು ಸಲ ಬಂದು ಬಾಟಲಿ ಒಯ್ದು ಪರೀಕ್ಷೆ ಮಾಡಿಸಿ, ಮೂರು ಸಲವೂ ಎಲ್ಲ ಸರಿಯಿದೆ ಎಂದು ಬರೆದುಕೊಟ್ಟಿದ್ದರು. ಆ ಕಾಗದಗಳಿಗಿಂತ ಲೋಟಕ್ಕೇ ಚೌಕಟ್ಟು ಹಾಕಿಸಬೇಕು ಎಂದು ಯಜಮಾನರು ಹೇಳುತ್ತಿದ್ದರು.

ಇಂಥವನ ಮುಂದೆ ಹೋಗಿ ಸೋಮವಾರ ಬೆಳಿಗ್ಗೆ ಅವಳು, "ಅಣ್ಣ, ಪುಡಿ ಏನಾದ್ರೂ ಜಾಸ್ತಿ ಬಿತ್ತಾ ಹೋದ ವಾರ?" ಎಂದು ಕೇಳಿದಳು.

ಲೋಟದಣ್ಣ ಸಕ್ಕರೆ ಪಾಕ ತಿರುವುತ್ತಿದ್ದವನು ಕೈ ನಿಲ್ಲಿಸದೆ, "ಯಾಕೆ?" ಎಂದ.

"ಮಗಳು ಕಚ್ಚುತ್ತೆ ಅಂದ್ಲು."

"ನಿನ್ನ ಮಗಳು ಹೋದ ತಿಂಗಳು ಚಂದ್ರ ನನ್ನೇ ನೋಡ್ತಿದ್ದಾನೆ ಅಂದಿದ್ಲಲ್ಲ?"

"ಅಂದಿದ್ಲು..."

"ಆಮೇಲೆ ಪೊಲೀಸರಿಗೆ ಹೇಳಿದ್ಯಾ?"

ಸುತ್ತ ಇದ್ದವರೆಲ್ಲ ನಕ್ಕರು. ಅವಳೂ ನಕ್ಕಳು, ಬೇರೆ ದಾರಿಯಿರಲಿಲ್ಲ. ಲೋಟದಣ್ಣ ಸೌಟು ಒರಗಿಸಿಟ್ಟು, ಕೈ ತೊಳೆದು, ಲೋಟವನ್ನು ಅವಳ ಕಣ್ಣ ಮುಂದೆ ಹಿಡಿದ. "ಒಂದು ಟ್ಯಾಂಕು, ಒಂದು ಲೋಟ. ಎರಡು ಹಾಕೋಕೆ ನನಗೇನು ಮರೆವಿನ ಕಾಯಿಲೆ ಬಂದಿದೆಯಾ?"

ಮಂಗಳವಾರ ಅವಳು ಸುಮ್ಮನೆ ಕೂರಲಾರದೆ ಬಾಗಿಲಲ್ಲಿ ನಿಂತು ನೋಡಿದಳು. ಒಂದೇ ಲೋಟ. ಚೀಲದಲ್ಲಿ ಅದ್ದಿದ, ಅಂಚಿನ ಮೇಲೆ ಸ್ಟೀಲ್ ಪಟ್ಟಿ ಎಳೆದು ಮೇಲಿನದನ್ನು ಕೆಡವಿದ, ಟ್ಯಾಂಕಿಗೆ ಸುರಿದ. ಮೂರು ಸಲ ತೂಗಿದರೂ ಇದಕ್ಕಿಂತ ಸರಿಯಾಗಿ ಮಾಡಲು ಯಾರಿಂದಲೂ ಸಾಧ್ಯವಿರಲಿಲ್ಲ. ಹಾಗಾದರೆ ಕಚ್ಚಿದ್ದು ಯಾವುದು? ಬಾಟಲಿ ತೊಳೆಯುವ ಸೋಪೇ? ಹಣ್ಣಿನ ಸಿಪ್ಪೆಯ ಎಣ್ಣೆಯೇ? ಮಗಳ ನಾಲಿಗೆಯಲ್ಲಿ ಹುಣ್ಣೇ? ಮನೆಗೆ ಹೋಗಿ ಟಾರ್ಚು ಹಿಡಿದು ಮಗಳ ಬಾಯಿ ನೋಡಿದಳು. ಹುಣ್ಣು ಇರಲಿಲ್ಲ. ಸಂಜೆ ಮತ್ತೊಂದು ಬಾಟಲಿ ತೆರೆದು, ಬಣ್ಣ ಕಾಣದ ಹಾಗೆ ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಏನೂ ಹೇಳದೆ ಒಂದೇ ಒಂದು ಚಮಚ ಕೊಟ್ಟಳು. ಮಗಳು ಮುಖ ಕಿವುಚಿ, "ಇದು ಆ ಕಚ್ಚೋದೇ" ಎಂದಳು. ಗಂಡ ಮತ್ತೆ ಕುಡಿದು ಮತ್ತೆ ಏನೂ ಇಲ್ಲವೆಂದ. ಆ ಪುಡಿಯ ರುಚಿ ಕೆಲವರ ನಾಲಿಗೆಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದೇ ಇಲ್ಲ, ಇನ್ನು ಕೆಲವರಿಗೆ ಸಿಹಿಯೆನಿಸುತ್ತದೆ ಎಂದು ಓದಿದ್ದು ಅವಳಿಗೆ ನೆನಪಾಯಿತು. ಅತ್ತೆ ಸಿಹಿ ಅಂದಿದ್ದರು! ಮನೆಯಲ್ಲಿ ಮೂರು ನಾಲಿಗೆ, ಮೂರು ತೀರ್ಪು. ನಾಲಿಗೆಯ ನ್ಯಾಯಾಲಯದಲ್ಲಿ ಈ ಮೊಕದ್ದಮೆ ಇತ್ಯರ್ಥ ಆಗುವಂಥದ್ದಲ್ಲ.

ಬುಧವಾರ ಬಾಟಲಿ ತೊಳೆಯುವ ಯಂತ್ರ ಕೆಟ್ಟಿತು. ಆ ಯಂತ್ರ ನಿಂತರೆ ಕಾರ್ಖಾನೆಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ. ಅವಳು ಗೋಂದಿನ ಡಬ್ಬಿ ಕಲಕುತ್ತಾ ಕೂತಿದ್ದಾಗ, ಗೋಡೆಯ ಕಿಂಡಿಯ ಆಚೆ ಟ್ಯಾಂಕಿನ ಕಡೆಯಿಂದ ಸದ್ದು ಬಂತು. ಲೋಟ ಚೀಲದೊಳಗೆ ಇಳಿದದ್ದು, ಪಟ್ಟಿ ಎಳೆದದ್ದು, ಆಮೇಲೆ ಸರ್ರ್ ಎಂದು ಏನೋ ಉದುರಿದ್ದು. ತಗಡಿನ ಮೇಲೆ ಮರಳು ಎರಚಿದ ಹಾಗೆ.

ಅವಳ ಕೈ ನಿಂತಿತು. ಎರಡು ವರ್ಷದಲ್ಲಿ ಎಷ್ಟೋ ಸಲ ಯಂತ್ರ ಕೆಟ್ಟಿದೆ. ಪುಡಿ ಬೀಳುವಾಗ ಸದ್ದಾಗುತ್ತಿರಲಿಲ್ಲ. ಹಿಟ್ಟಿನ ಹಾಗೆ ಮೆತ್ತಗೆ ಬೀಳುತ್ತಿತ್ತು, ಬಿದ್ದ ಮೇಲೆ ಲೋಟದಣ್ಣನ ಒಂದು ಸೀನು ಕೇಳುತ್ತಿತ್ತು. ಇವತ್ತು ಸೀನೂ ಇಲ್ಲ.

ಹೋಗಿ ಚೀಲದಲ್ಲಿ ಇಣುಕಿದಳು. ಪುಡಿ ಅಲ್ಲ, ಸಣ್ಣ ಸಣ್ಣ ಬಿಳಿ ಕಾಳು.

"ಹೊಸ ಸರಕು," ಅಂದ ಲೋಟದಣ್ಣ ಹೆಮ್ಮೆಯಿಂದ. "ಹೋದ ಗುರುವಾರ ಒಡೆದೆ. ಧೂಳೇ ಹಾರಲ್ಲ ನೋಡು. ಹದಿನೆಂಟು ವರ್ಷ ಸೀನಿದ್ದೀನಿ, ಈಗ ಮೂಗಿಗೆ ಪೆನ್ಶನ್."

"ಬೇರೆ ಸಾಮಾನಾ ಅಣ್ಣ ಇದು?"

"ಓದ್ಕೋ. ಡಿಗ್ರಿ ಮಾಡಿರೋಳು ನೀನು."

ಓದಿದಳು. ಒಂದಲ್ಲ, ಮೂರು ಸಲ ಓದಿದಳು. ಅದೇ ಹೆಸರು, ಅದೇ ಶುದ್ಧತೆ. ನೀರಿಗೆ ಬಿದ್ದರೆ ಅದೂ ಕರಗುತ್ತದೆ, ಇದೂ ಕರಗುತ್ತದೆ. ಗುಡ್ಡ ಅಗೆದು ಇಲಿಯೂ ಸಿಗಲಿಲ್ಲವಲ್ಲ ಎಂದು ಪೆಚ್ಚಾಗಿ ವಾಪಸು ಬಂದು ಕೂತಳು. ಆದರೂ ಆ ಸರ್ರ್ ಎಂಬ ಸದ್ದು ಕಿವಿ ಬಿಡಲೊಲ್ಲದು.

ಗುರುವಾರ ಸಂಜೆ ಅತ್ತೆ ಪಕ್ಕದ ಮನೆಯವರಿಗೆ ಕೇಕು ಮಾಡಿಕೊಡುವುದಿತ್ತು. ಅವರ ಹತ್ತಿರ ಹಿಟ್ಟು ಅಳೆಯುವ ಒಂದು ಗಾಜಿನ ಲೋಟವಿತ್ತು. ಇನ್ನೂರು ಗ್ರಾಂ ಹಿಟ್ಟು ಎಲ್ಲಿಗೆ ಬರುತ್ತದೋ ಅಲ್ಲಿಗೆ ಉಗುರು ಬಣ್ಣದಿಂದ ಕೆಂಪು ಗೆರೆ ಎಳೆದಿಟ್ಟಿದ್ದರು. "ಇನ್ನೂರು ಗ್ರಾಂ ಸಕ್ಕರೆ ಕೊಡೇ" ಎಂದರು ಒಲೆಯ ಕಡೆ ತಿರುಗಿಕೊಂಡೇ. ಸೊಸೆಯ ಮನಸ್ಸು ಎಲ್ಲೋ ಇತ್ತು. ಅದೇ ಲೋಟಕ್ಕೆ ಕೆಂಪು ಗೆರೆಯವರೆಗೆ ಸಕ್ಕರೆ ತುಂಬಿ ಅತ್ತೆಯ ಕೈಗಿಟ್ಟಳು.

ಅತ್ತೆ ಲೋಟ ಹಿಡಿದ ಕೈಯನ್ನು ಒಮ್ಮೆ ಕೆಳಗೆ ಮೇಲೆ ಆಡಿಸಿದರು, ತೊಟ್ಟಿಲು ತೂಗುವ ಹಾಗೆ.

"ಇದೇನಿದು ಇಷ್ಟು ಭಾರ? ಎಷ್ಟು ಹಾಕಿದ್ದೀಯ?"

"ಗೆರೆವರೆಗೆ ಅತ್ತೆ."

"ಗೆರೆ ಹಿಟ್ಟಿಂದು ಮಾರಾಯ್ತಿ! ಹಿಟ್ಟು ಗಾಳಿ ತುಂಬ್ಕೊಂಡು ಕೂತಿರುತ್ತೆ, ಸಕ್ಕರೆ ಒತ್ಕೊಂಡು ಕೂತಿರುತ್ತೆ. ಒಂದೇ ಲೋಟ ಅಂದ್ರೆ ಒಂದೇ ತೂಕನಾ? ಅಷ್ಟು ವರ್ಷ ಕಾಲೇಜಿಗೆ ಹೋಗಿ ಏನು ಬೆಂಚು ಒರೆಸ್ತಿದ್ಯಾ?"

ಸೊಸೆ ಬೈಗುಳ ಕೇಳಿಸಿಕೊಂಡಳೋ ಇಲ್ಲವೋ. ಸಕ್ಕರೆಯ ಲೋಟವನ್ನೇ ದಿಟ್ಟಿಸುತ್ತಾ ನಿಂತಳು. ಆಮೇಲೆ ಅತ್ತೆಯ ಎರಡೂ ಕೈ ಹಿಡಿದು, ಹಿಟ್ಟು ಮೆತ್ತಿದ ಆ ಕೈಗಳನ್ನು ಕಣ್ಣಿಗೊತ್ತಿಕೊಂಡುಬಿಟ್ಟಳು.

"ಏನಾಯ್ತೇ ನಿನಗೆ?" ಅತ್ತೆ ಗಾಬರಿಯಾದರು. "ಬೈದಿದ್ದಕ್ಕೆ ಯಾರಾದ್ರೂ ಹೀಗೆ ಮಾಡ್ತಾರಾ?"

ಶುಕ್ರವಾರ ಬೆಳಿಗ್ಗೆ ಅವಳು ದಿನಕ್ಕಿಂತ ಮುಂಚೆಯೇ ಹೋದಳು. ಆದರೂ ತಡವಾಗಿತ್ತು. ಗೇಟಿನ ಎದುರು ಲಾರಿಯ ಚಕ್ರದ ಗುರುತು ಹಸಿಯಾಗಿತ್ತು. ಗೋದಾಮಿನ ಎಡಗೋಡೆ ಖಾಲಿ. ಎಂಟು ದಿನ ಕೂತು ಎದ್ದ ಸರಕು, ಅಂದರೆ ಹೋದ ಗುರುವಾರದ ಟ್ಯಾಂಕು, ಹೊಸ ಚೀಲದ ಮೊದಲ ಟ್ಯಾಂಕು, ನೂರನಾಲ್ಕು ಕ್ರೇಟಿಗೆ ನಾಲ್ಕು ಸೊಟ್ಟ ಬಾಟಲಿ ಕಡಿಮೆ, ಹೊರಟುಹೋಗಿತ್ತು.

"ಎಲ್ಲಿಗೆ ಹೋಯ್ತು?" ಎಂದು ಮುಚ್ಚಳದಕ್ಕನನ್ನು ಕೇಳಿದಳು.

"ಶಾಲೆಗಳ ಆಟೋಟಕ್ಕೆ. ಆರು ಶಾಲೆ ಮಕ್ಕಳು ಓಡ್ತಾರಂತೆ ಇವತ್ತು ಮೈದಾನದಲ್ಲಿ. ಯಾಕೆ, ಮುಖ ಯಾಕೆ ಹಂಗಾಯ್ತು?"

ಅವಳು ಉತ್ತರಿಸಲು ನಿಲ್ಲಲಿಲ್ಲ. ಸೀದಾ ಟ್ಯಾಂಕಿನ ಬಳಿ ಹೋದಳು. ಲೋಟದಣ್ಣ ಆಗ ತಾನೇ ಲೋಟವನ್ನು ಚೀಲಕ್ಕೆ ಇಳಿಸುತ್ತಿದ್ದ.

"ಅಣ್ಣ, ಹಾಕಬೇಡ. ತೂಗೋಣ."

"ಏನನ್ನ?"

"ಲೋಟಾನ."

ಲೋಟದಣ್ಣನ ಮುಖದ ಮೇಲಿನ ನಗು ಮೆಲ್ಲಗೆ ಆರಿತು. "ನಿನ್ನ ಕೂರಿಸಿದ್ದು ನಾನು ಇಲ್ಲಿ," ಎಂದ.

"ಹೌದಣ್ಣ."

"ಹದಿನೆಂಟು ವರ್ಷದಲ್ಲಿ ಒಬ್ಬ ಗಂಡಸು ಈ ಲೋಟ ತೂಗು ಅಂದಿಲ್ಲ."

"ಹದಿನೆಂಟು ವರ್ಷದಲ್ಲಿ ಚೀಲದೊಳಗಿನ ಸಾಮಾನೂ ಬದಲಾಗಿರ್ಲಿಲ್ಲ ಅಣ್ಣ. ನನ್ನದು ತಪ್ಪಾದ್ರೆ ಎಲ್ಲರ ಮುಂದೆ ನಿಂತು ಹೇಳ್ತೀನಿ, ನಂದೇ ತಪ್ಪು ಅಂತ. ನಾಳೆಯಿಂದ ಕೆಲಸಕ್ಕೆ ಬರಲ್ಲ. ಆದ್ರೆ ತೂಗು."

ಅಷ್ಟರಲ್ಲಿ ಜನ ಸೇರಿತ್ತು. ಹನ್ನೊಂದು ಜನರ ಕಾರ್ಖಾನೆಯಲ್ಲಿ ಜಾತ್ರೆ ಸೇರಲು ಎಷ್ಟು ಹೊತ್ತು? ಗಲಾಟೆ ಕೇಳಿ ಯಜಮಾನರೂ ಕನ್ನಡಕ ಹಣೆಗೇರಿಸಿಕೊಂಡು ಬಂದರು. ಮೆತ್ತನೆ ಮನುಷ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. "ತೂಗಿಬಿಡೋಣ ಬಿಡಪ್ಪ, ಅವಳ ಸಮಾಧಾನಕ್ಕೆ" ಎಂದು ಬೀರುವಿನಿಂದ ಸಣ್ಣ ತಕ್ಕಡಿಯ ಡಬ್ಬಿ ತಂದರು. ಒತ್ತಿದರೆ ಉಸಿರಿಲ್ಲ. ಬ್ಯಾಟರಿ ಸತ್ತು ಎಷ್ಟು ವರ್ಷವಾಗಿತ್ತೋ!

"ಮುಗೀತು ಮಹಾಭಾರತ," ಎಂದು ಯಾರೋ ನಕ್ಕರು.

ಮುಚ್ಚಳದಕ್ಕ ನಗಲಿಲ್ಲ. ಅವಳಿಗೂ ಮೂರು ಮೊಮ್ಮಕ್ಕಳು, ಅದರಲ್ಲಿ ಒಂದು ಇವತ್ತು ಮೈದಾನದಲ್ಲಿ ಓಡುತ್ತಿತ್ತು. ಸ್ಟೂಲು ಎಳೆದು ಹತ್ತಿ, ಗೋಡೆಯ ಗಡಿಯಾರ ಇಳಿಸಿ, ಅದರ ಬೆನ್ನಿನಿಂದ ಬ್ಯಾಟರಿ ಕಿತ್ತು ಕೊಟ್ಟಳು. ಒಂಬತ್ತೂ ಹತ್ತಕ್ಕೆ ಗಡಿಯಾರ ನಿಂತಿತು, ತಕ್ಕಡಿ ಕಣ್ಣು ಬಿಟ್ಟಿತು.

ಲೋಟದಣ್ಣ ಏನನ್ನೂ ಬಿಸಾಡುವವನಲ್ಲ. ಹಳೆಯ ಚೀಲದ ತಳದಲ್ಲಿ ಉಳಿದ ಪುಡಿಯನ್ನು ಡಬ್ಬದಲ್ಲಿ ಇಟ್ಟಿದ್ದ. ಮೊದಲು ಅದನ್ನೇ ತುಂಬಿದ, ಪಟ್ಟಿ ಎಳೆದ, ಕಾಗದದ ಮೇಲೆ ಸುರಿದು ತಕ್ಕಡಿಗಿಟ್ಟ. ಅರವತ್ತು. ಒಂದು ಕೂದಲೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನೋಡಿದ್ರಲ್ಲ!" ಎಂದ. ಎದೆ ಒಂದು ಗೇಣು ಮುಂದೆ ಬಂತು. ಅವಳೂ ನೋಡಿದಳು. ತನಗೇ ಭ್ರಮೆಯಾಗಿದ್ದರೆ? ಸಕ್ಕರೆ, ಹಿಟ್ಟು, ಅತ್ತೆ, ಕೇಕು, ಎಲ್ಲ ತಲೆಯೊಳಗಿನ ಹುಳದ ಆಟವಾಗಿದ್ದರೆ?

"ಈಗ ಹೊಸದು ಅಣ್ಣ."

ಹೊಸದನ್ನು ತುಂಬಿದ. ಅದೇ ಲೋಟ, ಅದೇ ಕೈ, ಅದೇ ಪಟ್ಟಿ. ಸರ್ರ್ ಎಂದು ಸುರಿದ. ತಕ್ಕಡಿಯ ಅಂಕಿಗಳು ಓಡತೊಡಗಿದವು. ಐವತ್ತು, ಅರವತ್ತು, ಎಪ್ಪತ್ತು. ಎಪ್ಪತ್ತರಲ್ಲೂ ನಿಲ್ಲಲಿಲ್ಲ. ತೊಂಬತ್ತೇಳರಲ್ಲಿ ನಿಂತವು.

ಪಾಕದ ಪಾತ್ರೆಯಲ್ಲಿ ಗುಳ್ಳೆ ಒಡೆಯುವುದು ಕೇಳಿಸುತ್ತಿತ್ತು.

"ಇನ್ನೊಂದ್ಸಲ," ಎಂದ ಲೋಟದಣ್ಣ. ತೊಂಬತ್ತಾರು. "ಇನ್ನೊಂದ್ಸಲ." ತೊಂಬತ್ತೇಳು.

ಅವಳು ಗೆದ್ದಿದ್ದಳು. ಕುಣಿಯಬೇಕಿತ್ತು. ಕುಣಿಯುವ ಬದಲು ಲೋಟದಣ್ಣನ ಮುಖ ನೋಡುತ್ತಿದ್ದಳು. ಅವನು ಲೋಟವನ್ನು ಅಂಗೈಯಲ್ಲಿ ಇಟ್ಟುಕೊಂಡು, ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಟ್ಯಾಂಕಿನ ಕೆಳಗೆ ಬಗ್ಗಿ, ತುಂಬುವ ಕೊಳವೆಯ ತಿರುಪನ್ನು ತಾನೇ ತಿರುಗಿಸಿ ಬಂದ್ ಮಾಡಿದ. ಎದ್ದು ನಿಂತವನು ಎಲ್ಲರಿಗೂ ಕೇಳುವ ಹಾಗೆ, "ಧೂಳು ಹಾರಲ್ಲ ಅಂತ ಖುಷಿಪಟ್ನೇ ಹೊರತು, ಯಾಕೆ ಹಾರಲ್ಲ ಅಂತ ಯೋಚಿಸ್ಲಿಲ್ಲ ನೋಡಿ ನಾನು. ಎಂಥ ಕತ್ತೆ! ಕೂದಲು ನರೆತ ಕತ್ತೆ" ಎಂದ. ಅವಳ ಕಡೆ ತಿರುಗಿ, "ಕೆಲಸ ಬಿಡ್ತೀನಿ ಅಂದ್ಯಲ್ಲ, ಬಿಟ್ರೆ ಕಾಲು ಮುರೀತೀನಿ. ನಾಳೆಯಿಂದ ತಕ್ಕಡಿ ನಿನ್ನ ಕೈಲಿರ್ಲಿ. ನಾನು ಲೋಟದಲ್ಲಿ ಟೀ ಕುಡೀತೀನಿ" ಎಂದ.

ಮುಚ್ಚಳದಕ್ಕ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ತೊಳೆಯುವವರು, ಹೊರುವವರು, ಪಾಕ ಕಾಯುವವರು. "ಅಯ್ಯೋಮ್ಮಂಗೆ ಜೈ!" ಎಂದು ಯಾರೋ ಕೂಗಿದರು. ಅವಳಿಗೆ ಕಿವಿಯವರೆಗೂ ಬಿಸಿಯೇರಿತು. ಹುಟ್ಟಿದಾಗಿನಿಂದ ಹೆದರುಪುಕ್ಕಲಿ ಎಂದು ಬೈಸಿಕೊಂಡವಳಿಗೆ, ಹೆದರಿದ್ದಕ್ಕೇ ಚಪ್ಪಾಳೆ ಸಿಗುತ್ತದೆಂದು ಯಾರು ಕನಸು ಕಂಡಿದ್ದರು! ಆದರೆ ಚಪ್ಪಾಳೆಯ ನಡುವೆಯೂ ಅವಳ ಕಣ್ಣು ಗೋದಾಮಿನ ಖಾಲಿ ಗೋಡೆಯ ಮೇಲೆಯೇ ಇತ್ತು.

"ಇಲ್ಲಿರೋ ಸರಕು ಇಲ್ಲೇ ಇದೆ. ಲಾರಿ?" ಎಂದಳು.

ಯಜಮಾನರು ಕನ್ನಡಕ ಇಳಿಸಿ ಒರೆಸತೊಡಗಿದರು. "ನೋಡಮ್ಮ, ಇನ್ನು ಮುಂದೆ ಸರಿ ಮಾಡ್ಕೊಳ್ಳೋಣ. ಹೋಗಿದ್ದು ಹೋಯ್ತು. ಇದೇನು ವಿಷ ಅಲ್ಲವಲ್ಲ. ಒಂದು ಬಾಟ್ಲಿ ಕುಡಿದ್ರೆ ಯಾರಿಗೆ ಏನಾಗುತ್ತೆ?"

"ಏನೂ ಆಗಲ್ಲ ಸರ್," ಎಂದಳು. ಎಲ್ಲರೂ ಬೆರಗಾಗಿ ಅವಳನ್ನು ನೋಡಿದರು. "ನಾನೇ ಹೇಳ್ತೀನಿ, ಒಂದು ಬಾಟ್ಲಿಗೆ ಏನೂ ಆಗಲ್ಲ. ನೀವು ಕುಡಿದ್ರೆ ಮೂರಕ್ಕೂ ಏನೂ ಆಗಲ್ಲ. ಆದ್ರೆ ಅಲ್ಲಿರೋದು ಹದಿನೆಂಟು ಕೆಜಿ ಮಕ್ಕಳು. ಬಿಸಿಲಲ್ಲಿ ಓಡಿ ಬರ್ತಾವೆ, ಪುಕ್ಕಟೆ ಸಿಗುತ್ತೆ, ಮೂರು ಮೂರು ಕುಡೀತಾವೆ. ದಿನಕ್ಕೆ ಇಷ್ಟು ಅಂತ ಮೈ ತೂಕ ನೋಡಿ ಗೆರೆ ಹಾಕಿರೋದು. ನಮಗೆ ಬೇರೆ, ಅವಕ್ಕೆ ಬೇರೆ. ಇನ್ನೊಂದು ಮಾತು. ಚೀಟಿ ಮೇಲೆ ಅಳತೆ ಮೀರಿಲ್ಲ ಅಂತ ಬರೆದಿದೆ. ಅದನ್ನ ಅಂಟಿಸಿದ್ದು ನಾನು."

"ಫೋನ್ ಮಾಡಿ ಏನಂತ ಹೇಳೋದು? ಇನ್ನೊಂದ್ಸಲ ನಮ್ಮ ಬಾಟ್ಲಿ ಮುಟ್ತಾರಾ?"

ಲೋಟದಣ್ಣ ಮಧ್ಯೆ ಬಾಯಿ ಹಾಕಿದ. "ನಾವೇ ಹೇಳಿದ್ರೆ ಮುಟ್ತಾರೆ ಸ್ವಾಮಿ. ತಪಾಸಣೆಯವರು ಬಂದು ಹೇಳಿದ್ರೆ ಮುಟ್ಟಲ್ಲ. ಹೆಸರು ಕೇಳಿದ್ರೆ ನನ್ನ ಹೆಸರು ಹೇಳ್ಲಿ. ಹಾಕಿದ್ದು ನಾನೇ ತಾನೇ?"

ಯಜಮಾನರು ಒಮ್ಮೆ ಅವನನ್ನು, ಒಮ್ಮೆ ತಕ್ಕಡಿಯನ್ನು, ಒಮ್ಮೆ ನಿಂತ ಗಡಿಯಾರವನ್ನು ನೋಡಿದರು. ಜೇಬಿನಿಂದ ಮೊಬೈಲು ತೆಗೆದು, ಆಟದ ಮೇಷ್ಟ್ರ ನಂಬರು ಹುಡುಕಿ, ಒತ್ತಲು ಹೋಗಿ, ಒತ್ತದೆ ಅವಳ ಮುಂದೆ ಹಿಡಿದರು. "ನೀನೇ ಮಾತಾಡಮ್ಮ. ನಾನು ಮಾತಾಡಿದ್ರೆ ಸುತ್ತಿ ಬಳಸಿ ಏನೋ ಹೇಳಿಬಿಡ್ತೀನಿ. ನನ್ನ ಬುದ್ಧಿ ನನಗೆ ಗೊತ್ತಲ್ಲ."

ಗ್ಯಾಸಿನವರಿಗೆ ಫೋನು ಮಾಡುವುದಿದ್ದರೂ ಗಂಡನ ಕೈಗೆ ದಾಟಿಸುವ ಹೆಂಗಸು ಅವಳು. ಅಪರಿಚಿತರ ಜೊತೆ ಮಾತಾಡುವ ಮುಂಚೆ ಹೇಳಬೇಕಾದ್ದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವವಳು. ಈಗ ಕಾಗದವೂ ಇಲ್ಲ, ಗಂಡನೂ ಇಲ್ಲ. ಮೊಬೈಲು ತೆಗೆದುಕೊಂಡಳು, ಒತ್ತಿದಳು.

ಗಂಟೆ ಬಾರಿಸಿತು. ಬಾರಿಸುತ್ತಲೇ ಇತ್ತು. ನಿಂತುಹೋಯಿತು. ಮತ್ತೆ ಒತ್ತಿದಳು. ಈ ಸಲ ನಾಲ್ಕನೇ ಗಂಟೆಗೆ ಯಾರೋ ಎತ್ತಿದರು. ಕಿವಿಯೊಳಗೆ ಒಮ್ಮೆಗೇ ಇಡೀ ಮೈದಾನ ನುಗ್ಗಿತು. ಮಕ್ಕಳ ಕೂಗು, ಮೈಕಿನ ಕೀರಲು, ಯಾರೋ ಯಾರನ್ನೋ ಸಾಲಿಗೆ ಬಾ ಎಂದು ಗದರುವುದು.

"ಹಲೋ? ಯಾರ್ರೀ? ಬೇಗ ಹೇಳಿ, ಇಲ್ಲಿ ನಾನೂರು ಮೀಟರ್ ಶುರುವಾಗ್ತಿದೆ."

"ಸರ್, ಬೆಳಿಗ್ಗೆ ಕಿತ್ತಳೆ ಬಾಟ್ಲಿ ಬಂದಿದಾವಲ್ಲ, ಆ ಕಾರ್ಖಾನೆಯಿಂದ. ತೆಗೆದಿದ್ದೀರಾ?"

"ಬಂದಿದಾವೆ. ಇಗೋ ಈಗ ತೆಗೀತಿದ್ದಾರೆ, ಮಕ್ಕಳು ಮುಗಿಬಿದ್ದಿದಾವೆ. ಯಾಕೆ?"

"ಕೊಡಬೇಡಿ ಸರ್. ಒಂದನ್ನೂ ಕೊಡಬೇಡಿ. ಕೆಡದ ಹಾಗೆ ಹಾಕೋ ಪುಡಿ ನಮ್ಮಿಂದ ಜಾಸ್ತಿ ಬಿದ್ದಿದೆ. ಅಳತೆ ನಮ್ಮದು ತಪ್ಪಾಗಿದೆ. ಗಾಬರಿ ಆಗಬೇಡಿ, ಒಂದು ಗುಟುಕು ಯಾರಾದ್ರೂ ಕುಡಿದಿದ್ರೂ ಏನೂ ಆಗಲ್ಲ. ಆದ್ರೆ ಇನ್ನು ಮಕ್ಕಳಿಗೆ ಬೇಡ. ನೀರು ಕೊಡಿ. ಲಾರಿ ವಾಪಸು ಕಳಿಸ್ತಿದ್ದೀವಿ, ಎಲ್ಲಾ ಕ್ರೇಟೂ ನಾವೇ ತಗೊಂಡು ಹೋಗ್ತೀವಿ."

ಆ ಕಡೆ ಕಿವಿ ತೂತಾಗುವಂಥ ಸೀಟಿ. ಒಂದು, ಎರಡು, ಮೂರು. "ಏಯ್! ಬಾಟ್ಲಿ ಕೆಳಗಿಡಿ! ಯಾರೂ ಮುಚ್ಚಳ ತೆಗೀಬಾರದು! ಎಲ್ಲಾ ನೀರಿನ ಟ್ಯಾಂಕರ್ ಹತ್ರ ನಡೀರಿ!" ಗುಂಪಿನ ಗುಜುಗುಜು, ನಿರಾಸೆಯ ಒಂದು ಉದ್ದ "ಊಂ...", ಗಾಜಿಗೆ ಗಾಜು ತಾಗುತ್ತಾ ಬಾಟಲಿಗಳು ಕ್ರೇಟಿನೊಳಗೆ ಮರಳುವ ಸದ್ದು. ಆ ಸದ್ದನ್ನು ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಪಕ್ಕದಲ್ಲಿ ಮುಚ್ಚಳದಕ್ಕ ತನ್ನ ಕಿವಿಯನ್ನೂ ಅದೇ ಮೊಬೈಲಿಗೆ ಅಂಟಿಸಿಕೊಂಡಿದ್ದಳು.

"ನಿಲ್ಲಿಸಾಯ್ತು," ಎಂದರು ಮೇಷ್ಟ್ರು, ಏದುಸಿರಿನಲ್ಲಿ. "ಹತ್ತು ವರ್ಷದಿಂದ ಆಟೋಟ ಮಾಡಿಸ್ತಿದ್ದೀನಿ. ಮಾರಿದವರು ಫೋನ್ ಮಾಡಿ ಬೇಡ ಅಂದಿದ್ದು ಇದೇ ಮೊದಲು. ಯಾರಮ್ಮ ನೀವು, ಮಾಲೀಕರಾ?"

"ಅಲ್ಲ ಸರ್," ಎಂದಳು ಅವಳು. "ಚೀಟಿ ಅಂಟಿಸೋಳು. ನೂರನಾಲ್ಕು ಕ್ರೇಟಿವೆ, ಸ್ವಲ್ಪ ಎಣಿಸಿ ಹೇಳ್ತೀರಾ?"